ಒಂದೇ ಗಂಗಾಳದ ಊಟ

ನಮ್ಮ ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ಒಂದು ಕಂಚಿನ ಗಂಗಾಳ ಬೋರಲು ಬಿದ್ದಿದೆ. ಅಂಚು ಎತ್ತರದ್ದು, ಅಗಲ ಇಬ್ಬರ ಕೈಗೆ ಸಾಕಾಗುವಷ್ಟು. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಈ ಮನೆಗೆ ಸೊಸೆಯಾಗಿ ಬಂದ ಮೊದಲ ವಾರ ನಾಚಿಕೆಯಿಂದ ಸರಿಯಾಗಿ ಉಣ್ಣುತ್ತಿರಲಿಲ್ಲ. ತಾಟು ಹಾಕಿಕೊಟ್ಟರೆ ಅರ್ಧ ರೊಟ್ಟಿ ಮುರಿದು, ಹೊಟ್ಟೆ ತುಂಬಿತೆಂದು ಎದ್ದುಬಿಡುತ್ತಿದ್ದಳು. ಒಂದು ದಿನ ನಾನು ಈ ಗಂಗಾಳ ಇಳಿಸಿ, ನಡುವೆ ರೊಟ್ಟಿ ಪೇರಿಸಿ, “ಬಾ, ನನ್ನ ಜೋಡಿ ಕೂಡು. ಯಾರು ಎಷ್ಟು ಉಂಡ್ರು ಅಂತ ಯಾರಿಗೂ ತಿಳಿಯೂದಿಲ್ಲ” ಅಂದೆ. ಅವತ್ತಿನಿಂದ ಆಕೆ ನಮ್ಮೂರು ಆಳಂದ ಬಿಡುವವರೆಗೂ ನಾವಿಬ್ಬರೂ ಅದರಲ್ಲೇ ಉಂಡೆವು.

ಗಂಡಸರು, ಮಕ್ಕಳು, ಬಂದ ಬೀಗರು ಎಲ್ಲರ ಊಟ ಮುಗಿದು, ಒಲೆಕಟ್ಟೆ ಒರೆಸಿದ ಮೇಲೆ ನಮ್ಮ ಸರದಿ. ನನ್ನ ಕಡೆಗೆ ಪುಂಡಿಪಲ್ಯ, ಆಕೆಯ ಕಡೆಗೆ ಬೇಳೆ. ಅಂಚಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಅದರ ನಡುವೆ ಬೆರಳಿಂದ ಗುಳಿ ಮಾಡಿ ಕುಸುಬಿ ಎಣ್ಣೆ. ರೊಟ್ಟಿ ಮುರಿಯುವಾಗ ಮಾತು ಶುರುವಾದರೆ ಕೈ ಒಣಗಿ ಹೋದರೂ ಮುಗಿಯುತ್ತಿರಲಿಲ್ಲ. ನಮ್ಮ ಅತ್ತೆ ಹೊರಗಿನ ಕಟ್ಟೆಯಿಂದಲೇ ಅನ್ನುತ್ತಿದ್ದರು, “ಇವರಿಬ್ಬರು ಉಣ್ಣಾಕ ಕುಂತಾಗ ಎಮ್ಮಿ ಹೊಡಕೊಂಡು ಹೋದ್ರ, ಮೇಸಿ, ನೀರ ಕುಡಿಸಿ, ಮೈ ತೊಳದು ವಾಪಸ್ ಬರಬಹುದು.”

ಕೊನೆಯಲ್ಲಿ ಒಂದು ತುಣುಕು ರೊಟ್ಟಿ ಉಳಿಯುತ್ತಿತ್ತು. ಆಕೆ ಅದನ್ನು ನನ್ನ ಕಡೆಗೆ ನೂಕುವಳು, ನಾನು ಆಕೆಯ ಕಡೆಗೆ. ಮಾತಾಡುತ್ತಲೇ ಅದು ಅತ್ತಿಂದಿತ್ತ ಸರಿದಾಡಿ, ಯಾರದೋ ಬಾಯಿಗೆ ಹೋಗುತ್ತಿತ್ತು. ಹೆಚ್ಚಾಗಿ ನನ್ನ ಬಾಯಿಗೇ ಇರಬೇಕು. ಆಗ ಅದನ್ನು ಯಾರು ನೋಡಿದ್ದರು?

ಆಮೇಲೆ ಮೈದುನ ಜೇವರ್ಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಹಾಕಿದ. ಆ ಕಡೆ ನೀರಾವರಿ ಹೊಲ ಹೆಚ್ಚು, ವ್ಯಾಪಾರ ಚಲೋ ಎಂದು ಅಣ್ಣತಮ್ಮಂದಿರು ಕೂಡಿಯೇ ತೀರ್ಮಾನ ಮಾಡಿದರು. ಜಗಳವಿಲ್ಲ, ಮನಸ್ತಾಪವಿಲ್ಲ. ಪಾತ್ರೆ ಹಂಚಿಕೊಳ್ಳುವಾಗ ಗಂಗಾಳ ಒಯ್ಯಿ ಎಂದು ನಾನು ಅಂದರೆ, “ಒಬ್ಬಾಕಿ ಒಯ್ದು ಏನ್ ಮಾಡ್ಲಿ? ಇಲ್ಲೇ ಇರಲಿ. ಬಂದಾಗ ಉಣ್ಣಾಕ ಬೇಕಲ್ಲ” ಅಂದಳು. ಮುಂದಿನ ವರ್ಷವೇ ನಮ್ಮ ಮಗಳ ಮದುವೆಯಾಗಿ ಆಕೆ ಅಫಜಲಪುರಕ್ಕೆ ಹೋದಳು. ಅಲ್ಲೇ ಶಾಲೆಯಲ್ಲಿ ಕಲಿಸುತ್ತಾಳೆ. ಅತ್ತೆಯವರು ಅದಕ್ಕೂ ಮೊದಲೇ ಲಿಂಗೈಕ್ಯರಾಗಿದ್ದರು. ಮನೆಯಲ್ಲಿ ಉಳಿದವರು ನಾನು, ಮತ್ತು ತೊಗರಿ ವ್ಯಾಪಾರದ ಅಡತಿ ಅಂಗಡಿಯಿಂದ ಮಧ್ಯಾಹ್ನ ಅವಸರದಲ್ಲಿ ಉಂಡು ಹೋಗುವ ನನ್ನ ಯಜಮಾನರು.

ಅಲ್ಲಿಂದ ನನ್ನ ಊಟ ಕೆಟ್ಟಿತು. ಕಡಿಮೆ ಉಂಡೆನೆಂದಲ್ಲ, ಹೆಚ್ಚು ಉಂಡೆ. ಒಲೆಯ ಮುಂದೆ ನಿಂತೇ ಒಂದು ರೊಟ್ಟಿ, ಡಬ್ಬಿ ಮುಚ್ಚುವಾಗ ಮುಷ್ಟಿ ಅವಲಕ್ಕಿ ಚುಡಾ, ಉಳಿದ ಅನ್ನ ಹಾಳಾಗಬಾರದೆಂದು ಅದಕ್ಕಿಷ್ಟು ಮಜ್ಜಿಗೆ. ಕೂತು ಉಂಡ ನೆನಪೇ ಇರುತ್ತಿರಲಿಲ್ಲವಾದ್ದರಿಂದ ಸಂಜೆಗೆ ಮತ್ತೆ ಹಸಿವು. ಎರಡು ವರ್ಷದಲ್ಲಿ ಕುಬಸದ ಹೊಲಿಗೆ ಬಿಚ್ಚಿಸಬೇಕಾಯಿತು. ಕಾಲು ಜೋಮು ಹಿಡಿಯತೊಡಗಿತು. ಕಲಬುರಗಿಯ ಡಾಕ್ಟರರು ರಕ್ತ ತೆಗೆಸಿ, ಸಕ್ಕರೆ ಅಂಚಿಗೆ ಬಂದು ನಿಂತಿದೆ, ಈಗಲೇ ಹಿಡಿತದಲ್ಲಿಟ್ಟರೆ ಗುಳಿಗೆ ಬೇಕಾಗಲಿಕ್ಕಿಲ್ಲ ಅಂದರು.

ಮಗಳು ಮುಂದಿನ ರವಿವಾರವೇ ಅಫಜಲಪುರದಿಂದ ಬಸ್ಸು ಹತ್ತಿ ಬಂದಳು. ನನ್ನ ಫೋನು ಇಸಕೊಂಡು ಅದರಲ್ಲಿ ಒಂದು ಆ್ಯಪ್ ಹಾಕಿದಳು.

“ಅವ್ವಾ, ಏನ್ ಉಣ್ತಿ ಅದನ್ನ ಇದರಾಗ ಬರೀತಾ ಹೋಗು. ಕ್ಯಾಲರಿ ಲೆಕ್ಕ ಅದೇ ಹಾಕ್ತದ.”

“ಉಂಡದ್ದು ಬರಿಯೂದಾ? ಬರಿಯೂ ಕೆಲಸ ನಿಮ್ಮಪ್ಪಂದು.”

“ನಾ ಅಲ್ಲಿ ಕುಂತೇ ನೋಡ್ತೇನಿ. ಸುಳ್ಳು ಬರೀಬ್ಯಾಡ ಮತ್ತ.”

ಆಕೆಯ ದನಿಯಲ್ಲಿ ಹೆದರಿಕೆ ಇತ್ತು. ಅದಕ್ಕೇ ಆಗಲಿ ಅಂದೆ. ಹೋಗುವ ಮುಂಚೆ ಒಂದು ಸಣ್ಣ ಕಾಟಾವನ್ನೂ ಒಲೆಕಟ್ಟೆಯ ಮೇಲೆ ಇಟ್ಟಳು. ಯಜಮಾನರು ಊಟಕ್ಕೆ ಬಂದವರು ಅದನ್ನು ನೋಡಿ, “ತೊಗರಿ ತೂಗೂ ಮನ್ಯಾಗ ಇನ್ನ ರೊಟ್ಟಿ ತೂಗೂದೂ ಬಂತು. ಅಂಗಡಿಯಿಂದ ಇಬ್ಬರು ಹಮಾಲರನ್ನ ಕಳಸ್ಲೇನ?” ಅಂದರು.

ಅವರ ಅಂಗಡಿಯಲ್ಲಿ ಒಂದು ರೂಢಿ ಇದೆ. ಮನೆಬಳಕೆಗೆ ಬಂದವರಿಗೆ ಬೇಳೆ ತೂಗಿ ಕೊಟ್ಟ ಮೇಲೆ, ಮುಳ್ಳು ಸರಿಯಾಗಿ ನಿಂತ ಮೇಲೂ, ಒಂದು ಮುಷ್ಟಿ ಕೊಸರು ಹಾಕಬೇಕು. ತೂಕ ಅಂಗಡಿಯದು, ಕೊಸರು ಕೈಯದು ಎನ್ನುತ್ತಿದ್ದರು ನಮ್ಮ ಮಾವನವರು. ನೆಗೆಣ್ಣಿಯ ಬಡಿಸುವ ಕೈಯೂ ಹಾಗೇ. ಸಾಕು ಎಂದ ಮೇಲೆ ಬೀಳುವ ಒಂದು ಸೌಟು ಇರುತ್ತಿತ್ತಲ್ಲ, ಅದು ಬೀಳದೆ ಯಾರ ಊಟವೂ ಮುಗಿಯುತ್ತಿರಲಿಲ್ಲ. ಆ್ಯಪಿನಲ್ಲಿ ಆ ಸೌಟಿಗೆ ಒಂದೇ ಹೆಸರು: ಹೆಚ್ಚು.

ಅದರ ಪರದೆಯ ಮೇಲೆ ಒಂದು ಉಂಗುರ ಇದೆ. ಬೆಳಿಗ್ಗೆ ಖಾಲಿ ಇರುತ್ತದೆ. ಉಂಡದ್ದು ಬರೆದಂತೆಲ್ಲ ಹಸಿರು ಬಣ್ಣ ಸುತ್ತುತ್ತ ಬಂದು, ಗುರಿ ಹತ್ತಿರವಾದಾಗ ಹಳದಿಯಾಗಿ, ದಾಟಿದರೆ ಕೆಂಪಗೆ ಉರಿಯುತ್ತದೆ. ಗುರಿಯೊಳಗೆ ಉಳಿದ ದಿನ ಮೇಲಿನಿಂದ ಬಣ್ಣಬಣ್ಣದ ಕಾಗದದ ಚೂರು ಉದುರಿ, “ಶಹಬ್ಬಾಸ್, ಇಂದು ನೀವು ಗೆದ್ದಿರಿ” ಎಂದು ಅಕ್ಷರ ಮೂಡುತ್ತವೆ. ಬರೆಯದೇ ಬಿಟ್ಟರೆ ತಾನೇ ಕೇಳುತ್ತದೆ: “ಮಧ್ಯಾಹ್ನದ ಊಟ ಆಯಿತೇ?”

ಮೊದಮೊದಲು ಆ ಪ್ರಶ್ನೆ ನನಗೆ ಹಿತವಾಗಿತ್ತು ಎಂದರೆ ನಗುತ್ತೀರಿ. ನಮ್ಮ ಕಡೆ ದಾರಿಯಲ್ಲಿ ಯಾರೇ ಎದುರಾದರೂ ಮೊದಲು ಕೇಳುವುದು ಊಟ ಆತೇನ್ರಿ ಎಂದೇ. ಮನೆಯೊಳಗೆ ಹಾಗೆ ಕೇಳುವವರು ಇಲ್ಲವಾದ ಮೇಲೆ, ಯಾವುದೋ ಒಂದು ಕೇಳಿತಲ್ಲ ಎನಿಸಿತ್ತು. ಆಮೇಲೆ ತಿಳಿಯಿತು. ಜನ ಊಟ ಆತೇನ್ರಿ ಎಂದು ಕೇಳಿದಾಗ, ಇಲ್ಲ ಅಂದರೆ ಬರ್ರಿ ಎಂದು ಕೈ ಹಿಡಿಯುತ್ತಾರೆ. ಫೋನಿಗೆ ಇಲ್ಲ ಎಂದು ಒತ್ತಿದರೆ ಅದಕ್ಕೆ ಖುಷಿ. ಉಂಗುರ ಇನ್ನೂ ಖಾಲಿ ಇದೆ ಎಂದು ಹೇಳಿ ಸುಮ್ಮನಾಗುತ್ತದೆ.

ನಮ್ಮ ಅಡುಗೆ ಅದರ ಪಟ್ಟಿಯಲ್ಲಿ ಅರ್ಧಕ್ಕರ್ಧ ಇಲ್ಲ. ದೋಸೆ ಇದೆ, ಇಡ್ಲಿ ಇದೆ. ಪುಂಡಿಪಲ್ಯ ಇಲ್ಲ, ಜುಣಕ ಇಲ್ಲ. “ಜೋಳದ ರೊಟ್ಟಿ, ಒಂದು” ಎಂದೇನೋ ಇದೆ, ಎಷ್ಟು ಅಗಲದ್ದು ಎಂದಿಲ್ಲ. ನಮ್ಮದು ಬಡಿದು ಬಡಿದು ಮೊರದಷ್ಟು ಅಗಲ ಮಾಡಿದ ತೆಳುವಾದ ರೊಟ್ಟಿ. ನಾನು ಅದಕ್ಕೆ ಸರಿಹೊಂದಲಿ ಎಂದು ಚಿಕ್ಕಚಿಕ್ಕದಾಗಿ ಬಡಿಯತೊಡಗಿದೆ. ಯಜಮಾನರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು, “ಇದು ಗೊಂಬಿ ಮದಿವಿದೇನು?” ಎಂದು ಕೇಳಿದರು. ಅವರಿಗೆ ಬೇರೆ, ನನಗೆ ಬೇರೆ ಬಡಿಯುವುದು ರೂಢಿಯಾಯಿತು.

ನನಗೆ ಬೇಸರವಾದದ್ದು ಶೇಂಗಾ ಹಿಂಡಿಯ ವಿಷಯದಲ್ಲಿ. ಚಮಚೆ ಹಿಂಡಿ, ಮೇಲೆ ಎಣ್ಣೆ ಎಂದು ಬರೆದರೆ ಉಂಗುರ ಜಿಗಿದು ಹಳದಿಗೆ ಹೋಗುತ್ತಿತ್ತು. ಹುಟ್ಟಿದಾಗಿನಿಂದ ತಿಂದ ಹಿಂಡಿ, ಕದ್ದು ತಿನ್ನುವ ವಸ್ತುವಾಯಿತು. ಭರಣಿಯ ಮುಚ್ಚಳ ತೆಗೆದು ವಾಸನೆ ನೋಡಿ ಮತ್ತೆ ಮುಚ್ಚಿಟ್ಟದ್ದುಂಟು. ಈದ್ ಹಬ್ಬದ ದಿನ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಶಾವಿಗೆ ಪಾಯಸದಂಥ ಶೀರ್‌ಖುರ್ಮಾದ ಬಟ್ಟಲು ಕೊಟ್ಟಾಗ, ತಗೊಂಡವಳು ಬಾಯಿಗೆ ಹಾಕುವ ಮೊದಲು ಫೋನು ತೆಗೆದೆ. ಆಕೆ ನೋಡುತ್ತಲೇ ಇದ್ದಳು.

“ಯಾರಿಗಿ ಫೋನ್ ಹಚ್ಚೀರಿ ಅಕ್ಕಾ?”

“ಯಾರಿಗೂ ಇಲ್ಲ. ಇದರಾಗ ಎಷ್ಟು ಆಗ್ತದಂತ ನೋಡಾಕತ್ತೇನಿ.”

“ಹಬ್ಬದ್ದು ತಿನ್ನಾಕ ಇದರ ಇಜಾಜತ್ ಬೇಕೇನು? ಮೊದಲ ತಿನ್ರಿ. ಬೈದ್ರ ನನ್ನ ಹೆಸರು ಹೇಳ್ರಿ.”

ನಕ್ಕು ತಿಂದೆ. ಆದರೆ ಆ ದಿನ ಉಂಗುರ ಕೆಂಪಾದದ್ದು ಸಂಜೆಯವರೆಗೂ ಕಣ್ಣಮುಂದೆ ಇತ್ತು. ಶೀರ್‌ಖುರ್ಮಾದ ರುಚಿ ಹೇಗಿತ್ತೆಂದು ಮರುದಿನ ಆಕೆ ಕೇಳಿದರೆ, ಚಲೋ ಇತ್ತು ಅಂದೆನೇ ಹೊರತು ನಾಲಿಗೆಗೆ ನೆನಪಿರಲಿಲ್ಲ.

ಹಾಗೆಂದು ಆ್ಯಪನ್ನು ಬರೀ ದೂರಿದರೆ ತಪ್ಪಾಗುತ್ತದೆ. ನಿಂತು ತಿನ್ನುವುದು ಅದರಿಂದಲೇ ತಪ್ಪಿತು. ಮುಷ್ಟಿ ಚುಡಾವನ್ನೂ ಬರೆಯಬೇಕಲ್ಲ ಎಂಬ ಆಲಸ್ಯಕ್ಕೇ ಡಬ್ಬಿ ತೆರೆಯುವುದು ಬಿಟ್ಟೆ. ಕಾಲಿನ ಜೋಮು ಹೋಯಿತು. ಡಾಕ್ಟರರು ಮತ್ತೆ ರಕ್ತ ನೋಡಿ ತಲೆದೂಗಿದರು. ಮಗಳು ಫೋನಿನಲ್ಲಿ, “ನೋಡ, ನಾ ಹೇಳಿರಲಿಲ್ಲೇನು?” ಅಂದಾಗ ಆಕೆಯ ಉಸಿರು ಹಗುರಾದದ್ದು ನನಗೆ ಕೇಳಿಸಿತು. ಅದರ ಸಲುವಾಗಿಯಾದರೂ ಬರೆಯುತ್ತಿದ್ದೆ.

ನಾಗರಪಂಚಮಿಗೆ ನೆಗೆಣ್ಣಿ ಬರುವುದಿತ್ತು. ಆಕೆಯ ತವರು ಜಿಡಗಾ, ನಮಗೆ ಹತ್ತಿರವೇ. ತವರಿಗೆ ಬಂದವಳು ಒಂದು ದಿನ ನಮ್ಮಲ್ಲಿ ಇದ್ದು ಹೋಗುವುದು ಪದ್ಧತಿ. ನಾನು ಜೋಳದ ಅಳ್ಳು ಹುರಿದು, ಉಂಡಿ ಕಟ್ಟಿ, ಗಂಗಾಳಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಇಟ್ಟಿದ್ದೆ. ಬೆಳಿಗ್ಗೆ ಫೋನು ಬಂತು.

“ಅಕ್ಕಾ, ಸಣ್ಣಾಂವಗ ಜ್ವರ ಬಂದಾವ. ಹ್ಯಾಂಗ ಬರ್ಲಿ?”

“ಬರಬ್ಯಾಡ ಬರಬ್ಯಾಡ. ಹುಡುಗನ್ನ ನೋಡ್ಕೋ.”

“ಗಂಗಾಳ ತಿಕ್ಕಿದ್ದೇನ?”

“ಇಲ್ಲ ಬಿಡ” ಅಂದೆ.

ಅವತ್ತು ಯಾಕೋ ಊಟ ಸೇರಲಿಲ್ಲ. ಯಜಮಾನರಿಗೆ ಬಡಿಸಿ, ಉಂಡಿಗಳನ್ನು ಓಣಿಯ ಮಕ್ಕಳಿಗೆ ಹಂಚಿ, ಎರಡು ಲೋಟ ಚಹಾದ ಮೇಲೆ ದಿನ ಕಳೆದೆ. ಚಹಾವನ್ನು ಬರೆದೆ. ಮರುದಿನ ಬೆಳಿಗ್ಗೆ ಫೋನು ತೆರೆದರೆ ಪರದೆಯ ತುಂಬ ಕಾಗದದ ಚೂರು ಉದುರುತ್ತಿವೆ. ಎಂದೂ ಇಲ್ಲದಷ್ಟು. ಕೆಳಗೆ ಒಂದು ಬಂಗಾರದ ಬಣ್ಣದ ಬಿಲ್ಲೆ ಬೇರೆ. ಇದು ನಿಮ್ಮ ಅತ್ಯುತ್ತಮ ದಿನ ಎಂದು ಬರೆದಿತ್ತು.

ಅದನ್ನು ಮಾಡಿದವರು ಯಾವ ಊರಿನಲ್ಲಿ ಕೂತು ಮಾಡಿದರೋ. ಕೆಟ್ಟವರೇನೂ ಇರಲಿಕ್ಕಿಲ್ಲ. ಒಬ್ಬ ಮನುಷ್ಯ ಉಣ್ಣದೇ ಇರುವುದಕ್ಕೆ ಬೇರೆ ಬೇರೆ ಕಾರಣ ಇರುತ್ತವೆ ಎಂಬುದು ಅವರಿಗೆ ಹೊಳೆದಿಲ್ಲ, ಅಷ್ಟೇ. ನಮ್ಮ ಅತ್ತೆ ಇದ್ದಿದ್ದರೆ ಮುಖ ನೋಡಿಯೇ, “ಯಾಕ ಉಣವಲ್ಲಿ? ಏನಾಗ್ಯಾದ?” ಅನ್ನುತ್ತಿದ್ದರು.

ಆ ದಿನದಿಂದ ನನ್ನ ಆಸೆ ಒಂದೇ ಆಯಿತು. ಎಳ್ಳಮಾವಾಸ್ಯೆಗೆ ಎರಡೂ ಮನೆಯವರು ಹೊಲಕ್ಕೆ ಬರಲೇಬೇಕು, ಅದು ಹಿರಿಯರ ಕಾಲದಿಂದ ತಪ್ಪಿದ್ದಿಲ್ಲ. ಅಂದು ಒಂದು ಹೊತ್ತು, ನೆಗೆಣ್ಣಿಯ ಎದುರು ಕೂತು, ಒಂದೇ ಗಂಗಾಳದಲ್ಲಿ ಉಣ್ಣಬೇಕು. ಆ್ಯಪಿನಲ್ಲಿ ವಾರದ ಉಂಗುರ ಎಂದು ಇನ್ನೊಂದಿದೆ. ಇವತ್ತು ಕಡಿಮೆ ಉಂಡರೆ ನಾಳೆಗೆ ಉಳಿಯುತ್ತದೆ. ಅದನ್ನು ಕಂಡುಕೊಂಡವಳೇ ಹಬ್ಬದ ಹಿಂದಿನ ವಾರವೆಲ್ಲ ಅರ್ಧ ಹೊಟ್ಟೆಯಲ್ಲಿ ಇದ್ದೆ. ಹಸಿವನ್ನು ಕೂಡಿಡುವುದನ್ನು ಈ ವಯಸ್ಸಿನಲ್ಲಿ ಕಲಿತೆ. ಅಂದು ಎಷ್ಟು ಉಂಡರೂ ಕೆಂಪು ಬರಬಾರದು, ಮಗಳಿಗೂ ಗಾಬರಿ ಆಗಬಾರದು, ನೆಗೆಣ್ಣಿ ನೂಕಿದ ತುಣುಕಿಗೂ ಜಾಗ ಇರಬೇಕು.

ಹಬ್ಬದ ದಿನ ನಸುಕಿನಲ್ಲೇ ಎದ್ದು ಭಜ್ಜಿಗೆ ಇಟ್ಟೆ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬದನೆ, ಮೆಂತ್ಯ, ಹುಣಚಿಕ್ಕಿನ ಸೊಪ್ಪು, ಹೊಲದಲ್ಲಿ ಆ ದಿನಕ್ಕೆ ಏನೇನಿದೆಯೋ ಅದೆಲ್ಲ ಒಂದೇ ಪಾತ್ರೆಯಲ್ಲಿ ಬಿದ್ದು, ಮೇಲೆ ಕಡಲೆಹಿಟ್ಟು ಕಲಸಿ ಹಾಕಿದರೆ ನಮ್ಮ ಭಜ್ಜಿ. ಯಾವುದು ಎಷ್ಟೆಂದು ತೂಗಿ ಮಾಡುವುದಲ್ಲ. ಸಜ್ಜೆ ಕಡುಬು, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಜೋಳದ ಅಂಬಲಿ ಬುಟ್ಟಿಗೆ ಸೇರಿದವು. ಗಂಗಾಳವನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ತೊಡೆಯ ಮೇಲೇ ಇಟ್ಟುಕೊಂಡು ಟಂಟಂ ಗಾಡಿಯಲ್ಲಿ ಕೂತೆ. ನಮ್ಮ ಹೊಲ ಮಾದನಹಿಪ್ಪರಗಾದ ದಾರಿಯಲ್ಲಿದೆ. ಜೇವರ್ಗಿಯಿಂದ ಅವರು ಆಗಲೇ ಬಂದು ಬನ್ನಿಮರದ ಕೆಳಗೆ ಜಮಖಾನೆ ಹಾಸಿದ್ದರು.

ನೆಗೆಣ್ಣಿ ಓಡಿ ಬಂದು ನನ್ನ ಕೈಯಿಂದ ಬುಟ್ಟಿ ಇಳಿಸಿಕೊಂಡಳು. ಸ್ವಲ್ಪ ದಪ್ಪಗಾಗಿದ್ದಳು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಷ್ಟ ಇಳದೀ ಅಕ್ಕಾ” ಅಂದಳು. ಹೊಗಳಿಕೆಯೋ ಮರುಕವೋ ತಿಳಿಯಲಿಲ್ಲ.

ಪೂಜೆಯಾಯಿತು, ಗಂಡಸರು ಹೊಲದ ಸುತ್ತ ಚರಗ ಚೆಲ್ಲಿ ಬಂದರು. ಭೂಮಿತಾಯಿಗೆ ಎಂದು ಎಲ್ಲ ಅಡುಗೆಯನ್ನೂ ಇಷ್ಟಿಷ್ಟು ಕಲಸಿ ಪೈರಿನ ಮೇಲೆ ಎರಚುವುದಕ್ಕೆ ಚರಗ ಎನ್ನುತ್ತೇವೆ. ಅವರ ಊಟ, ಮಕ್ಕಳ ಊಟ, ಆಜೂಬಾಜೂ ಹೊಲದವರ ಊಟ ಮುಗಿಯಿತು. ನಾನು ಬಟ್ಟೆಯ ಗಂಟಿಗೆ ಕೈ ಹಾಕಿದೆ. ಅಷ್ಟರಲ್ಲಿ ಆಕೆ ತನ್ನ ಚೀಲದಿಂದ ಎರಡು ಸಣ್ಣ ಸ್ಟೀಲ್ ತಾಟು ತೆಗೆದು ಜಮಖಾನೆಯ ಮೇಲೆ ಇಟ್ಟಳು.

“ಗಂಗಾಳ ತಂದೀನಲ್ಲ” ಅಂದೆ.

“ಇರಲಿ ಅಕ್ಕಾ. ನೀ ಇದರಾಗ ಉಣ್ಣ.”

“ಯಾಕ?”

“ನಿನ್ನ ಮಗಳು ಫೋನ್ ಮಾಡಿದ್ಲು. ಒಂದ್ ರೊಟ್ಟಿ, ಒಂದ್ ಕಡುಬು, ಭಜ್ಜಿ ಒಂದ್ ವಾಟಗ ಅಂತ. ವಾಟಗಾನೂ ತಂದೀನಿ ನೋಡ. ಅಳದು ಹಾಕ್ತೀನಿ, ನೀ ಚಂದಾಗಿ ಬರ್ಕೋ.”

ವಾಟಗ ಅಂದರೆ ಬಟ್ಟಲು. ಆಕೆ ಅದರ ತುಂಬ ಭಜ್ಜಿ ತುಂಬಿ, ಮೇಲೆ ಗೋಪುರವಾದದ್ದನ್ನು ಚಮಚೆಯಿಂದ ತೆಗೆದು ಪಾತ್ರೆಗೆ ವಾಪಸ್ ಹಾಕಿದಳು. ಸಾಕು ಎಂದ ಮೇಲೂ ಒಂದು ಸೌಟು ಹಾಕುತ್ತಿದ್ದ ಕೈ. ನನಗೆ ನೋಡಲಾಗಲಿಲ್ಲ.

“ನಾ ವಾರದಿಂದ ಉಪವಾಸ ಇದ್ದಂಗ ಇದ್ದೀನಿ ಬೇ, ಇವತ್ತಿನ ಸಲುವಾಗಿ” ಅಂದೆ.

ಆಕೆ ತಲೆ ಎತ್ತಲಿಲ್ಲ. “ನಿನಗ ಸಕ್ಕರಿ ಹಚ್ಚಿದಾಕಿ ನಾನೇ. ಇಷ್ಟ ವರ್ಷ ಕಡೀ ತುತ್ತು ನೂಕಿ ನೂಕಿ ನಿನ್ನ ಕಡಿಗೇ ಹಾಕೀನಿ. ಮಗಳು ಹೇಳಿದಾಗ ಮೊದಲ ಅದೇ ನೆನಪಾತು.”

“ಹುಚ್ಚಿ. ನೀ ಇದ್ದಾಗ ಎಲ್ಲಿತ್ತು ಸಕ್ಕರಿ? ನೀ ಹೋದ ಮ್ಯಾಗ ಬಂದದ.”

ಆಕೆ ತಾಟು ನನ್ನ ಮುಂದೆ ಸರಿಸಿದಳು. ನಾನೂ ಹಟ ಮಾಡಲಿಲ್ಲ. ಆಕೆ ಹೆದರಿದ್ದಳು, ಹೆದರಿದವರ ಕೈಯಿಂದ ತುತ್ತು ಕಿತ್ತುಕೊಂಡು ಉಣ್ಣಲಾಗುವುದಿಲ್ಲ. ಎರಡು ತಾಟು ಎದುರುಬದುರು ಇಟ್ಟುಕೊಂಡು ಉಂಡೆವು. ನನ್ನದು ಬೇಗ ಮುಗಿಯಿತು. ಆಕೆಯದೂ ಮುಗಿಯಿತು. ಯಾರ ಕಡೆಗೂ ನೂಕಲು ಏನೂ ಉಳಿಯಲಿಲ್ಲ. ನಾನು ಫೋನು ತೆಗೆದು ಬರೆದೆ. ಅರ್ಧ ಉಂಗುರವೂ ತುಂಬಲಿಲ್ಲ.

ಗಂಡಸರು ಕಡಲೆ ಹೊಲ ನೋಡಲು ಹೋದರು. ಮಕ್ಕಳು ಬೇವಿನಮರಕ್ಕೆ ಕಟ್ಟಿದ ಜೋಕಾಲಿಯ ಹತ್ತಿರ ಇದ್ದರು. ನಾವಿಬ್ಬರೂ ಪಾತ್ರೆಗಳನ್ನು ಬಾವಿಯ ಕಟ್ಟೆಗೆ ಒಯ್ದು ಬೂದಿ ಹಿಡಿದು ಕೂತೆವು. ಭಜ್ಜಿಯ ಪಾತ್ರೆ ನಡುವೆ ಇತ್ತು. ನಸುಕಿನಲ್ಲಿ ಉರಿ ಸ್ವಲ್ಪ ಹೆಚ್ಚಾಗಿ ತಳ ಹಿಡಿದಿತ್ತು. ಆಕೆ ನೀರು ಹಾಕಲು ಹೋದವಳು ತಡೆದು, ಒಂದು ಒಣ ರೊಟ್ಟಿಯ ಚೂರಿನಿಂದ ತಳ ಕೆರೆದು ಬಾಯಿಗೆ ಹಾಕಿಕೊಂಡಳು.

“ತಳ ಹತ್ಯಾದ” ಅಂದಳು.

“ಹತ್ತಿದ್ದೇ ರುಚಿ ಇರ್ತದ.”

“ಹೌದು ನೋಡ.”

ನಾನೂ ಒಂದು ಚೂರು ರೊಟ್ಟಿ ತಗೊಂಡು ಆ ಕಡೆಯಿಂದ ಕೆರೆದೆ. ಆಕೆ ನೋಡಿದಳು, ಬೇಡ ಅನ್ನಲಿಲ್ಲ. ಪಾತ್ರೆ ವಾಲಿಸಿ ಹಿಡಿದಳು. ಹಾಗೇ ಕೆರೆಯುತ್ತ ಕೂತೆವು. ಮಾತು ಯಾವಾಗ ಶುರುವಾಯಿತೋ ತಿಳಿಯದು.

“ಜೇವರ್ಗ್ಯಾಗ ಟಿವಿ ಹಚ್ಕೊಂಡು ಉಣ್ತೀನಿ ಅಕ್ಕಾ. ಏನ್ ಪಲ್ಯ ಇತ್ತಂತ ಸಂಜಿಗಿ ಕೇಳಿದ್ರ ಹೇಳಾಕ ಬರೂದಿಲ್ಲ.”

“ಅದಕ್ಕೇ ದಪ್ಪಾಗೀ.”

“ನಂಗೂ ಆ ಆ್ಯಪ್ ಹಾಕ್ಕೊಡಂತ ಹೇಳ್ಲೇನ ಮಗಳಿಗೆ?”

“ಬ್ಯಾಡ. ಒಬ್ಬಾಕಿ ಸಿಕ್ಕಿದ್ದು ಸಾಕು.”

ಆಕೆ ನಕ್ಕಳು. ಹೊರಗಿನ ಕಟ್ಟೆಯಿಂದ ಅತ್ತೆ ಕೇಳಿಸಿಕೊಂಡು ಎಮ್ಮೆಯ ಮಾತು ತೆಗೆಯುತ್ತಿದ್ದ ನಗೆ ಅದು. ಅಂಗಡಿಯ ಸುದ್ದಿ, ತವರಿನ ಸುದ್ದಿ, ಸಣ್ಣವನ ಜ್ವರದ ಸುದ್ದಿ ಎಲ್ಲ ಬಂದು ಹೋದವು. ಕೊನೆಗೆ ತಳದಲ್ಲಿ ಒಂದು ಕಪ್ಪು ಹಕ್ಕಳೆ ಉಳಿಯಿತು. ನಾನು ಅದನ್ನು ಆಕೆಯ ಕಡೆಗೆ ನೂಕಿದೆ. ಆಕೆಯ ಬೆರಳು ರೂಢಿಯಿಂದ ನನ್ನ ಕಡೆಗೆ ಹೊರಟದ್ದು ನಡುವೆಯೇ ನಿಂತಿತು. ಒಂದು ಗಳಿಗೆ ಹಾಗೇ ಇದ್ದು, ಅದನ್ನು ಎರಡು ಮಾಡಿ ಒಂದನ್ನು ನನ್ನ ಬಾಯಿಗಿಟ್ಟಳು.

“ಇದನ್ನೂ ಬರೀಬೇಕೇನ ಫೋನಿಗೆ?”

“ಬೋಗುಣಿ ತಿಕ್ಕಿದ್ದು ಬರಿಯಾಕ ಅದರಾಗ ಜಾಗ ಇಲ್ಲ” ಅಂದೆ.

ಸಂಜೆ ಮನೆಗೆ ಬಂದ ಮೇಲೆ ಮಗಳ ಫೋನು ಬಂತು. ಅಫಜಲಪುರದ ಮನೆಯ ಹಬ್ಬ ಮುಗಿಸಿ, ಮೊದಲು ನನ್ನ ಉಂಗುರ ನೋಡಿದ್ದಾಳೆ. “ಹಬ್ಬದಾಗೂ ಹಸಿರೇ ಇಟ್ಟೀ ಅವ್ವಾ” ಎಂದು ಬಹಳ ಹೊಗಳಿದಳು. ನಾನು ಕೇಳಿದೆ:

“ಇಬ್ಬರು ಕೂಡಿ ಉಂಡದ್ದು ಅದರಾಗ ಹ್ಯಾಂಗ ಬರೀಬೇಕು?”

“ಅರ್ಧ ಅರ್ಧ ಬರಿ.”

“ಅರ್ಧ ಯಾವುದು ಅಂತ ತಿಳಿಯೂದಿಲ್ಲಲ್ಲ.”

ಆಕೆ ಚಿಕ್ಕವಳಿದ್ದಾಗ ಆ ಗಂಗಾಳದ ಅಂಚಿಗೆ ಕೂತು ಇಬ್ಬರ ಕೈಯಿಂದಲೂ ತುತ್ತು ತಿಂದವಳು. “ಹಂಗಾದ್ರ ಕಾಕಿ ಬಂದ ದಿನ ಬರೀಬ್ಯಾಡ ಬಿಡು” ಅಂದಳು. “ನಾ ಕಾಕಿಗೂ ಹೇಳ್ತೇನಿ. ಹೆದರಿಸಿಬಿಟ್ಟೇನಿ ಅನಸ್ತದ.”

ಹಾಗೆ ನನಗೆ ಅಪ್ಪಣೆ ಸಿಕ್ಕಿತು. ಆದರೆ ಹೊಲದಿಂದ ನೇರ ತವರಿಗೆ ಹೋಗಿದ್ದ ನೆಗೆಣ್ಣಿಗೆ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಬೇಕಿತ್ತು, ಮಕ್ಕಳಿಗೆ ಶಾಲೆ. ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕಿ, “ಪಂಚಮಿಗೆ ಬರ್ತೇನಿ ಅಕ್ಕಾ, ಗಂಗಾಳ ತಿಕ್ಕಿಡು” ಅಂದಳು. ಮಗಳು ರಾತ್ರಿಯೇ ಮಾತಾಡಿರಬೇಕು.

ಮನೆಗೆ ಬಂದು ಬಟ್ಟೆ ಬಿಚ್ಚಿ ಗಂಗಾಳ ತೆಗೆದೆ. ಉಣ್ಣದೇ ಹೊಲಕ್ಕೆ ಹೋಗಿ ಬಂದ ಗಂಗಾಳ, ತೊಳೆಯುವಂಥದ್ದು ಏನೂ ಇರಲಿಲ್ಲ. ಮೇಲಿನ ಹಲಗೆಗೆ ಇಡಲು ಕೈ ಎತ್ತಿದವಳು ಇಡಲಿಲ್ಲ. ಮಧ್ಯಾಹ್ನ ಯಜಮಾನರು ಉಂಡು ಹೋದ ಮೇಲೆ ಒಲೆಕಟ್ಟೆ ಒರೆಸಿ, ಅದನ್ನೇ ನೆಲದ ಮೇಲೆ ಇಟ್ಟುಕೊಂಡು ಕೂತೆ. ಅಳತೆಯ ಒಂದು ರೊಟ್ಟಿ, ಅಳತೆಯ ಪಲ್ಯ. ನನ್ನ ಕಡೆಯ ಅಂಚಿಗೆ ಅಷ್ಟೂ ಹಿಡಿಯಿತು. ಫೋನು ಊಟ ಆಯಿತೇ ಎಂದು ಕೇಳಿತು. ಅದಕ್ಕೆ ಉತ್ತರ ಕೊಡುವ ಮೊದಲು ನೆಗೆಣ್ಣಿಗೆ ಫೋನು ಹಚ್ಚಿದೆ. ಆಕೆ ಇನ್ನೂ ದಾರಿಯಲ್ಲೇ ಇದ್ದಳೋ, ಕೆಲಸದಲ್ಲಿದ್ದಳೋ, ಎತ್ತಲಿಲ್ಲ. ಆಚೆಕಡೆಯ ಖಾಲಿ ಕಂಚು ಹೊಳೆಯುತ್ತಿತ್ತು. ರೊಟ್ಟಿಯ ಒಂದು ತುಣುಕನ್ನು ಆ ಕಡೆಗೆ ನೂಕಿ, ಆಕೆ ತಿರುಗಿ ಫೋನು ಮಾಡುವವರೆಗೆ ಹಾಗೇ ಬಿಟ್ಟುಕೊಂಡು ಕೂತೆ.